ಬೆಳೆ ವಿಮೆ ನಡೆದು ಬಂದ ದಾರಿ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಅಧ್ಯಕ್ಷರು ಕೇಳಿದರು. ನಾವು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ. ನೇಗಿಲು ಹಿಡಿದ ಕೈಗೆ ಪೆನ್ನು ಹಿಡಿಯುವುದು ಅಷ್ಟು ಸಲೀಸಲ್ಲ. ಸಂಘದ ಹುಟ್ಟು, ಸಾಲ, ಗೊಬ್ಬರ, ಪಡಿತರ ಇವುಗಳ ವಿಚಾರ ಬೇರೆಯವರು ಬರೆಯುತ್ತಿದ್ದಾರೆ. ಹಾಗಾಗಿ ನಾವು ಬೆಳೆ ವಿಮೆ ವಿಚಾರ ತೆಗೆದುಕೊಂಡಿದ್ದೇವೆ. ಇದಕ್ಕೆ ಕಾರಣವೂ ಉಂಟು. ನಿರ್ದೇಶಕರಾದ ಮೇಲೆ ನಮ್ಮನ್ನು ಜನ ದಾರಿಯಲ್ಲಿ ನಿಲ್ಲಿಸಿ ಬೈದಿರುವುದು ಸಾಲಕ್ಕಲ್ಲ, ಗೊಬ್ಬರಕ್ಕಲ್ಲ, ಈ ಇನ್ಶೂರೆನ್ಸಿಗೇ. "ಏನಪ್ಪಾ ಡೈರೆಕ್ಟ್ರೇ, ಕಟ್ಟೋದು ಮಾತ್ರ ಗ್ಯಾರಂಟಿ, ಬರೋದು ದೇವ್ರಿಗೇ ಗೊತ್ತು" ಅಂತ ನಮ್ಮ ಬೀದಿಯ ಹಿರಿಯರೊಬ್ಬರು ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ. ಅವರ ಮಾತಿನಲ್ಲಿ ಎಷ್ಟು ನಿಜ, ಎಷ್ಟು ತಪ್ಪು ತಿಳಿವಳಿಕೆ ಎಂದು ನೋಡಲು ಹೋದಾಗ ಈ ವಿಮೆಯ ಕಥೆ ನಾವು ಎಣಿಸಿದ್ದಕ್ಕಿಂತ ಬಹಳ ಹಳೆಯದು, ಅದೂ ನಮ್ಮ ಮೈಸೂರು ಸೀಮೆಯಲ್ಲೇ ಶುರುವಾದದ್ದು ಎಂದು ತಿಳಿದು ಬಂತು.

ಮೊದಲು ಬರದ ಮಾತು. ನಮ್ಮ ಅಜ್ಜಂದಿರ ಬಾಯಲ್ಲಿ "ಧಾತು ಈಶ್ವರದ ಬರ" ಎಂಬ ಮಾತು ಕೇಳಿದ್ದೇವೆ. ಧಾತು ಸಂವತ್ಸರ, ಈಶ್ವರ ಸಂವತ್ಸರ ಅಂದರೆ 1876ರಿಂದ 1878. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ ಇದ್ದರು. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹೆಚ್ಚಬೇಕಾದ ಜನ ಎಂಟು ಲಕ್ಷ ಕಡಿಮೆಯಾಗಿದ್ದರು. ಹಸಿವಿನಿಂದ ಸತ್ತವರು, ರೋಗದಿಂದ ಸತ್ತವರು, ಊರು ಬಿಟ್ಟವರು ಎಲ್ಲಾ ಸೇರಿ. ಆಗ ರೈತನಿಗೆ ಇದ್ದ ಒಂದೇ ವಿಮೆ ಅಂದರೆ ಹಗೇವಿನಲ್ಲಿ ತುಂಬಿಟ್ಟ ರಾಗಿ. ಹಗೇವು ಬರಿದಾದ ಮೇಲೆ ಗಂಜಿ ಕೇಂದ್ರ.

ಬರದ ಹಾಗೆ ನೆರೆಯೂ ನಮಗೆ ಹೊಸದಲ್ಲ. ನಮ್ಮ ತಾಲ್ಲೂಕು ಕೇಂದ್ರವಾಗಿದ್ದ ಕೃಷ್ಣರಾಜನಗರದ ಕಥೆಯನ್ನೇ ನೋಡಿ. ಹಿಂದಿನ ಊರು ಎಡತೊರೆ. ಕಾವೇರಿ ಉಕ್ಕಿ ಮನೆಮಠ ಹಾಳಾದ್ದರಿಂದ ಜನರನ್ನು ಮೇಲಕ್ಕೆ ತಂದು ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. 1924ರ ಜುಲೈ ತಿಂಗಳಲ್ಲಿ ಬಂದ ಕಾವೇರಿ ಪ್ರವಾಹ ಕೊಡಗಿನಿಂದ ತಂಜಾವೂರಿನವರೆಗೆ ಹೆಸರಾದದ್ದು. ಚುಂಚನಕಟ್ಟೆಯ ಧನುಷ್ಕೋಟಿಯಲ್ಲಿ ಹೊಳೆ ಧುಮುಕುವುದನ್ನು ನೋಡಲು ಪರಊರಿನವರು ಬರುತ್ತಾರೆ. ಹೊಳೆ ಬದಿಯಲ್ಲಿ ಗದ್ದೆ ಇಟ್ಟುಕೊಂಡವರಿಗೆ ಆ ಸದ್ದು ಜಾಸ್ತಿಯಾದ ರಾತ್ರಿ ನಿದ್ದೆ ಬರುವುದಿಲ್ಲ.

ಇನ್ನು ವಿಮೆಗೆ ಬರೋಣ. 1891ರಲ್ಲೇ ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವ ವಿಮೆ ಮಾಡಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ. ಸಂಬಳ ತರುವವನಿಗೆ ವಿಮೆ ಬಂತು, ಕಂದಾಯ ಕಟ್ಟುವವನಿಗೆ ಬರಲಿಲ್ಲ. ಆದರೆ ಅದೇ ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ ಎಂಬುವರು ರೈತನ ವಿಚಾರ ತಲೆಗೆ ಹಚ್ಚಿಕೊಂಡರು. ಭಾರತದ ಸ್ಥಿತಿಗೆ ಹೊಂದುವ ಕೃಷಿ ವಿಮೆ ಹೇಗಿರಬೇಕು ಎಂದು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1920ರಲ್ಲಿ ಪ್ರಕಟವಾಯಿತು. ಕನ್ನಂಬಾಡಿ ಕಟ್ಟೆ ಇನ್ನೂ ಏಳುತ್ತಿದ್ದ ಕಾಲ ಅದು.

ಚಕ್ರವರ್ತಿಯವರ ಯೋಚನೆ ಸರಳ. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ಎಷ್ಟು ನಷ್ಟ ಅಂತ ನೋಡಲು ಆಗುವುದಿಲ್ಲ. ಖರ್ಚು ವಿಪರೀತ, ಜಗಳ ವಿಪರೀತ. ಹೇಗೂ ದುಡ್ಡು ಬರುತ್ತೆ ಅಂತ ಕಳೆ ತೆಗೆಯದೆ ಕೂರುವವರೂ ಇರುತ್ತಾರೆ. ಆದ್ದರಿಂದ ಬೆಳೆ ನೋಡಬೇಡಿ, ಮಳೆ ನೋಡಿ. ಮಳೆ ಮಾಪಕ ಸುಳ್ಳು ಹೇಳುವುದಿಲ್ಲ, ಲಂಚ ಕೇಳುವುದಿಲ್ಲ (ಇದು ನಮ್ಮ ಮಾತು, ಪುಸ್ತಕದ್ದಲ್ಲ). ಒಂದು ಪ್ರದೇಶದಲ್ಲಿ ವಾಡಿಕೆ ಮಳೆಗಿಂತ ಇಷ್ಟು ಕಡಿಮೆ ಬಿದ್ದರೆ, ಆ ಪ್ರದೇಶದಲ್ಲಿ ಕಂತು ಕಟ್ಟಿದವರಿಗೆಲ್ಲಾ ಇಷ್ಟು ಅಂತ ಕೊಟ್ಟುಬಿಡಿ. ಸಂಸ್ಥಾನದಲ್ಲಿ ಹತ್ತಾರು ವರ್ಷಗಳ ಮಳೆ ಲೆಕ್ಕ ಇದ್ದದ್ದರಿಂದ ಅವರಿಗೆ ಈ ಲೆಕ್ಕಾಚಾರ ಹಾಕಲು ಸಾಧ್ಯವಾಯಿತು.

ಇಂದು ಪ್ರಪಂಚದಲ್ಲೆಲ್ಲಾ ಹವಾಮಾನ ಸೂಚ್ಯಂಕ ವಿಮೆ ಎಂದು ದೊಡ್ಡದಾಗಿ ಮಾತಾಡುತ್ತಾರಲ್ಲ, ಅದರ ತಿರುಳು ಇಷ್ಟೇ. ಮೈಸೂರಿನಲ್ಲಿ ಕೂತು ನೂರು ವರ್ಷದ ಹಿಂದೆ ಬರೆದಿಟ್ಟರು. ಅದು ಪುಸ್ತಕದಲ್ಲೇ ಉಳಿಯಿತು, ಜಾರಿಯಾಗಲಿಲ್ಲ.

ಆಮೇಲಿನ ಐವತ್ತು ವರ್ಷ ಬರೀ ಸಮಿತಿ, ವರದಿ. 1947ರಲ್ಲಿ ದೆಹಲಿಯಲ್ಲಿ ಚರ್ಚೆ, 1965ರಲ್ಲಿ ಒಂದು ಮಸೂದೆ, 1970ರಲ್ಲಿ ಒಂದು ತಜ್ಞ ಸಮಿತಿ. ಹೊಲದವರೆಗೆ ವಿಮೆ ಬಂದದ್ದು 1972ರಲ್ಲಿ, ಗುಜರಾತಿನ ಹೆಚ್-4 ಹತ್ತಿಗೆ. ಮುಂದಿನ ಐದಾರು ವರ್ಷ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಬೇರೆ ಬೇರೆ ಬೆಳೆಗೆ ಪ್ರಯೋಗ ನಡೆಯಿತು. ಒಬ್ಬೊಬ್ಬರ ಹೊಲ ನೋಡಿ ಪರಿಹಾರ ಕೊಡುವ ಪದ್ಧತಿ. ಒಟ್ಟು 3110 ರೈತರು ಸೇರಿದರು. ಬಂದ ಕಂತು ನಾಲ್ಕೂವರೆ ಲಕ್ಷ, ಕೊಟ್ಟ ಪರಿಹಾರ ಸುಮಾರು 38 ಲಕ್ಷ! ಚಕ್ರವರ್ತಿಯವರು ಯಾವುದನ್ನು ಮಾಡಬೇಡಿ ಅಂದಿದ್ದರೋ ಅದನ್ನೇ ಮಾಡಿ ಕೈ ಸುಟ್ಟುಕೊಂಡರು.

ಆಗ ಪುಣೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಅವರು ಒಂದು ನಡುದಾರಿ ಹೇಳಿದರು. ಒಬ್ಬನ ಹೊಲ ಬೇಡ, ಇಡೀ ಪ್ರದೇಶದ ಸರಾಸರಿ ಇಳುವರಿ ನೋಡಿ. 1979ರಿಂದ ಅದು ಪ್ರಯೋಗಕ್ಕೆ ಬಂತು, 1985ರ ಮುಂಗಾರಿನಿಂದ ಸಮಗ್ರ ಬೆಳೆ ವಿಮಾ ಯೋಜನೆ ಎಂಬ ಹೆಸರಿನಲ್ಲಿ ದೇಶದ ಬಹುಭಾಗಕ್ಕೆ ಬಂತು. ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಬೆಳೆ ಸಾಲ ತೆಗೆದವರಿಗೆ ಮಾತ್ರ ವಿಮೆ. ಧಾನ್ಯಕ್ಕೆ ನೂರಕ್ಕೆ 2, ಕಾಳು ಮತ್ತು ಎಣ್ಣೆ ಬೀಜಕ್ಕೆ ನೂರಕ್ಕೆ 1. ಸಾಲ ಕೊಡುವಾಗಲೇ ಮುರಿದುಕೊಳ್ಳುತ್ತಿದ್ದರು. ನಮ್ಮ ತಂದೆಯವರ ಕಾಲದವರಿಗೆ ಅದು ವಿಮೆ ಅಂತಲೇ ಗೊತ್ತಿರಲಿಲ್ಲ, "ಸಾಲದ ಕಟ್ಟು" ಅನ್ನುತ್ತಿದ್ದರು. ಗೊತ್ತಿಲ್ಲದೆ ಕಟ್ಟಿದ್ದನ್ನು ಗೊತ್ತಿದ್ದು ಕೇಳುವುದು ಹೇಗೆ?

1999-2000ದ ಹಿಂಗಾರಿನಲ್ಲಿ ರಾಷ್ಟ್ರೀಯ ಕೃಷಿ ವಿಮಾ ಯೋಜನೆ ಬಂತು. ಸಾಲ ಇಲ್ಲದವರೂ ಸೇರಬಹುದೆಂದಾಯಿತು. 2000ದ ಮುಂಗಾರಿನಲ್ಲಿ ಕರ್ನಾಟಕ ಅದಕ್ಕೆ ಸೇರಿತು. ನಮ್ಮ ಸಂಘ ನೋಂದಣಿಯಾದದ್ದೂ ಆಸುಪಾಸಿನಲ್ಲೇ. ಹೀಗಾಗಿ ನಮ್ಮ ಸಂಘವೂ ಈ ರಾಜ್ಯದ ಈಗಿನ ಬೆಳೆ ವಿಮೆಯೂ ಓರಗೆಯವು ಅನ್ನಬಹುದು. 2002, 2003ರ ಬರ ಎರಡಕ್ಕೂ ಮೊದಲ ಪರೀಕ್ಷೆ. ಅದೇ ಸುಮಾರಿನಲ್ಲಿ ಸಹಕಾರಿಗಳಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ ಬಂದಾಗ ನಮ್ಮ ಸದಸ್ಯರು ಸಾಲಾಗಿ ನಿಂತು ದುಡ್ಡು ಕಟ್ಟಿದರು. ಆಸ್ಪತ್ರೆಗೆ ಹೋದವರು ವಾಪಸ್ಸು ಬಂದು ಆಪರೇಷನ್ ಆಯ್ತು ಅಂತ ಹೇಳಿದ್ದನ್ನು ಕಣ್ಣಾರೆ ಕಂಡಿದ್ದರು. ಬೆಳೆ ವಿಮೆಗೆ ಅಂಥ ನಂಬಿಕೆ ಹುಟ್ಟಲಿಲ್ಲ.

ಯಾಕೆ ಹುಟ್ಟಲಿಲ್ಲ ಎಂಬುದಕ್ಕೆ ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇವೆ. 2012ರ ಬರದಲ್ಲಿ ನಮ್ಮ ಅಣ್ಣನವರ ರಾಗಿ ತೆನೆ ಕಟ್ಟುವ ಹೊತ್ತಿಗೆ ಒಣಗಿ ಹೋಯಿತು. ವಿಮೆ ಕಟ್ಟಿದ್ದರು, ರಸೀದಿ ಇತ್ತು. ಆದರೆ ಆಗ ಲೆಕ್ಕ ಹೋಬಳಿಗೆ. ಹೋಬಳಿಯ ಇನ್ನೊಂದು ಮಗ್ಗುಲಲ್ಲಿ ಎರಡು ಹದ ಮಳೆ ಬಿದ್ದು ರಾಗಿ ಚೆನ್ನಾಗಿತ್ತು. ಸರಾಸರಿ ತೆಗೆದಾಗ ನಷ್ಟವೇ ಇಲ್ಲ ಅಂತ ಬಂತು. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ಕೊಂಬು ನೆನೆಯುವುದಿಲ್ಲ ಅಂತ ನಮ್ಮ ಹಿರಿಯರು ಮಳೆ ಬಗ್ಗೆ ಹೇಳುವುದುಂಟು. ವಿಮೆಯವರು ಎರಡು ಕೊಂಬನ್ನೂ ಸೇರಿಸಿ ಎರಡರಿಂದ ಭಾಗಿಸಿದರು. ಅಣ್ಣನವರು ಆ ವರ್ಷ ಒಂದು ಜೊತೆ ಎತ್ತನ್ನು ಚುಂಚನಕಟ್ಟೆ ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಿದರು. ಮೇವಿಲ್ಲದ ವರ್ಷ, ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಎಷ್ಟಕ್ಕೆ ಹೋಯಿತು ಅಂತ ಅವರು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇದನ್ನು ಮೋಸ ಎಂದು ಹೇಳಿದರೆ ತಪ್ಪಾಗುತ್ತದೆ. ಪದ್ಧತಿಯೇ ಹಾಗೆ. ಹಸುವಿನ ವಿಮೆ ಇದೆಯಲ್ಲ, ಕಿವಿಗೆ ಓಲೆ ಹಾಕುತ್ತಾರೆ, ಆ ಓಲೆಯ ಹಸು ಸತ್ತರೆ ಆ ಹಸುವಿಗೆ ದುಡ್ಡು. ಬೆಳೆ ವಿಮೆ ನಿಮ್ಮ ಹೊಲಕ್ಕೆ ಓಲೆ ಹಾಕುವುದಿಲ್ಲ. ನೀವು ಕಟ್ಟಿದ್ದು ನಿಮ್ಮ ಸರ್ವೆ ನಂಬರಿಗಾದರೂ ಅಳೆಯುವುದು ಇಡೀ ಪ್ರದೇಶವನ್ನು. ಈ ಒಂದು ಮಾತನ್ನು ನಮ್ಮ ಸದಸ್ಯರಿಗೆ ಯಾರೂ ಕೂರಿಸಿ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಆದ್ದರಿಂದ ಅಳತೆಯ ಪ್ರದೇಶ ಚಿಕ್ಕದಾದಷ್ಟೂ ರೈತನಿಗೆ ಒಳ್ಳೆಯದು. ಇಪ್ಪತ್ತೈದು ವರ್ಷದಲ್ಲಿ ಆಗಿರುವ ದೊಡ್ಡ ಬದಲಾವಣೆ ಇದೇ ಎನ್ನುವುದು ನಮ್ಮ ಅಭಿಪ್ರಾಯ. ಚಕ್ರವರ್ತಿಯವರ ಮಳೆ ವಿಮೆ ಕೊನೆಗೂ ಬಂತು. 2003ರಲ್ಲಿ ಆಂಧ್ರದ ಮಹಬೂಬ್‌ನಗರದಲ್ಲಿ ಒಂದು ಖಾಸಗಿ ಕಂಪನಿ ಸಣ್ಣದಾಗಿ ಶುರು ಮಾಡಿತು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಸರ್ಕಾರ ಪ್ರಯೋಗಕ್ಕೆ ಇಟ್ಟದ್ದು ನಮ್ಮ ಕರ್ನಾಟಕದಲ್ಲೇ. ಈಗ ಅಡಿಕೆ, ಕಾಳುಮೆಣಸಿನಂಥ ತೋಟದ ಬೆಳೆಗೆ ಅದೇ ಪದ್ಧತಿ. ಮಳೆ ಅಳೆಯಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವಾಗಿಯೇ ಲೆಕ್ಕ ಕಳಿಸುವ ಮಾಪಕ ಇಟ್ಟಿದ್ದಾರೆ. ಪಂಚಾಯಿತಿ ಕಟ್ಟಡದ ಹತ್ತಿರ ನಿಂತಿರುವ ಕಂಬವನ್ನು ಮೊಬೈಲ್ ಟವರಿನ ಮರಿ ಅಂದುಕೊಂಡವರೂ ನಮ್ಮಲ್ಲಿದ್ದಾರೆ.

ರಾಗಿ, ಭತ್ತ, ಜೋಳದಂಥ ಹೊಲದ ಬೆಳೆಗೆ 2016ರಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ನಿಜವಾದ ಕಂತು ಇದಕ್ಕಿಂತ ಜಾಸ್ತಿ, ಉಳಿದದ್ದನ್ನು ಕೇಂದ್ರ ರಾಜ್ಯ ಎರಡೂ ಹಂಚಿಕೊಂಡು ಕಟ್ಟುತ್ತವೆ. ಮುಖ್ಯ ಬೆಳೆಗಳಿಗೆ ಅಳತೆ ಹೋಬಳಿಯಿಂದ ಗ್ರಾಮ ಪಂಚಾಯಿತಿಗೆ ಇಳಿದಿದೆ. ಒಂದು ಪಂಚಾಯಿತಿಯಲ್ಲಿ ಒಂದು ಬೆಳೆಗೆ ಕನಿಷ್ಠ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡಬೇಕು. ರಾಗಿಗಾದರೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಗುರುತಿಸಿ, ಕೊಯ್ದು, ಬಡಿದು, ತೂಕ ಹಾಕುವುದು. ಲೆಕ್ಕ ಹೇಗೆಂದರೆ, ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿ ಬೆಳೆದ ಐದು ವರ್ಷದ ಸರಾಸರಿ ತೆಗೆದು ಅದರ ಮೇಲೆ ಒಂದು ಮಟ್ಟ ಗೊತ್ತು ಮಾಡುತ್ತಾರೆ. ಉದಾಹರಣೆಗೆ ಆ ಮಟ್ಟ 1000 ಕೆ.ಜಿ. ಅಂತ ಇಟ್ಟುಕೊಳ್ಳಿ. ಈ ವರ್ಷ ಪಂಚಾಯಿತಿಯ ಸರಾಸರಿ 600 ಬಂತು. ನಷ್ಟ ನೂರಕ್ಕೆ 40. ನಿಮ್ಮ ವಿಮಾ ಮೊತ್ತ 20,000 ಆಗಿದ್ದರೆ ಕೈಗೆ 8,000. ನಿಮ್ಮ ಹೊಲದಲ್ಲಿ ಪೂರಾ ಹೋಗಿದ್ದರೂ ಅಷ್ಟೇ, ಅರ್ಧ ಉಳಿದಿದ್ದರೂ ಅಷ್ಟೇ. ಆ ನಾಲ್ಕು ಚೌಕದ ಮೇಲೆ ಇಡೀ ಪಂಚಾಯಿತಿಯ ಹಣೆಬರಹ ನಿಂತಿದೆ. ಕಟಾವು ದಿನ ಆ ಹೊಲಕ್ಕೆ ಊರಿನ ನಾಲ್ಕು ಜನ ಹೋಗಿ ನಿಲ್ಲಬಾರದೇಕೆ? ತೂಕದ ತಕ್ಕಡಿ ನೋಡಲು ನಮಗೇನು ಓದು ಬೇಕೇ?

ಇದರ ಜೊತೆಗೆ ಒಬ್ಬೊಬ್ಬರ ಹೊಲ ನೋಡುವ ಅವಕಾಶವೂ ಈ ಯೋಜನೆಯಲ್ಲಿ ಸ್ವಲ್ಪ ಇದೆ. ಆಲಿಕಲ್ಲು ಮಳೆ, ಭೂಕುಸಿತ, ಹೊಲ ಮುಳುಗಡೆ ಆದರೆ, ಅಥವಾ ಕೊಯ್ದು ಹೊಲದಲ್ಲೇ ಒಣಗಲು ಹಾಕಿದ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲ ಮಳೆಗೆ ಸಿಕ್ಕಿದರೆ, 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಿದರೂ ಆಗುತ್ತದೆ. ನಮ್ಮಲ್ಲಿ ಏನಾಗುತ್ತದೆ ಅಂದರೆ, ರಾಗಿ ಗುಡ್ಡೆ ನೆನೆದ ಮೂರು ದಿನ ನಾವು ಅದನ್ನು ಹರವುವುದು, ತಿರುವುವುದರಲ್ಲೇ ಇರುತ್ತೇವೆ. ನಾಲ್ಕನೇ ದಿನ ಸಂಘಕ್ಕೆ ಬಂದು ಕೇಳುತ್ತೇವೆ. 2019ರ ಆಗಸ್ಟಿನಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ ಮೂರೂ ಒಟ್ಟಿಗೆ ಏರಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆಯವರೆಲ್ಲಾ ಮುಳುಗಿ ಎದ್ದಾಗ ಇನ್ನೊಂದು ವಿಚಾರ ಗೊತ್ತಾಯಿತು. ಭತ್ತ ನೀರಿನಲ್ಲೇ ಬೆಳೆಯುವ ಬೆಳೆ ಎಂದು ಹೇಳಿ ಮುಳುಗಡೆಯ ವೈಯಕ್ತಿಕ ಪರಿಹಾರದಿಂದ ಅದನ್ನು 2018ರಲ್ಲೇ ತೆಗೆದಿದ್ದರು. ನಾಟಿ ಪೈರಿನ ಮೇಲೆ ಆಳುದ್ದ ಕೆಂಪು ನೀರು ನಿಂತರೆ ಅದು ಯಾವ ಬೆಳೆಯಾದರೆ ಏನು? 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಭತ್ತದ ಮುಳುಗಡೆಯನ್ನು ಮತ್ತೆ ಸೇರಿಸಿ, ಕಾಡು ಪ್ರಾಣಿ ಹಾವಳಿಯನ್ನೂ ಹೊಸದಾಗಿ ಸೇರಿಸಿ, 2026ರ ಮುಂಗಾರಿನಿಂದ ಜಾರಿ ಎಂದು ಪ್ರಕಟಿಸಿತು. ಆನೆ ಕಾಟಕ್ಕೆ ಕೋಟೆ, ಹುಣಸೂರು ಕಡೆಯ ನೆಂಟರು ರಾತ್ರಿಯೆಲ್ಲಾ ಅಟ್ಟಣೆ ಮೇಲೆ ಕೂರುವುದು ನಮಗೆ ಗೊತ್ತಿರುವುದರಿಂದ ಇದು ಸಣ್ಣ ಸುದ್ದಿಯಲ್ಲ.

ಇನ್ನೊಂದು ದೊಡ್ಡ ಬದಲಾವಣೆ 2020ರದು. ಅಲ್ಲಿಯವರೆಗೆ ಬೆಳೆ ಸಾಲ ತೆಗೆದವರಿಗೆ ವಿಮೆ ಕಡ್ಡಾಯ. ಈಗ ಇಷ್ಟವಿದ್ದರೆ ಮಾತ್ರ. ಆದರೆ ಒಂದು ಗುಟ್ಟು ಇದೆ. ಸಾಲಗಾರರು ಬೇಡ ಎಂದು ಕೊನೆ ದಿನಾಂಕಕ್ಕೆ ಏಳು ದಿನ ಮುಂಚೆ ಬರೆದುಕೊಡಬೇಕು, ಬರೆದುಕೊಡದಿದ್ದರೆ ಸೇರಿದಂತೆಯೇ. ಬೇಡ ಅಂತ ಬರೆದುಕೊಟ್ಟವರು ನಮ್ಮಲ್ಲಿ ಬಹಳ ಮಂದಿ. ಬೈಸಿಕೊಳ್ಳುವ ಬದಲು ಬರೆಸಿಕೊಳ್ಳುವುದೇ ವಾಸಿ ಅಂತ ನಾವೂ ಸುಮ್ಮನಿದ್ದೆವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಆ ಕಾಗದಗಳು ಸಂಘದ ಬೀರುವಿನಲ್ಲಿದ್ದವು. ಕಟ್ಟಿದ್ದ ಕೆಲವರ ಖಾತೆಗೆ ದುಡ್ಡು ಬಿತ್ತು. ಬರೆದುಕೊಟ್ಟವರಲ್ಲಿ ಇಬ್ಬರು ಬಂದು, "ಬುದ್ಧಿ ಹೇಳ್ಬೇಕಾದೋರು ನೀವಲ್ವಾ ಅಣ್ಣ" ಅಂದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಕಟ್ಟಿಯೂ ಕಳೆದುಕೊಂಡವರಿದ್ದಾರೆ. ಒಬ್ಬ ಸದಸ್ಯರು ರಾಗಿ ಬಿತ್ತಿ ರಾಗಿಗೇ ವಿಮೆ ಕಟ್ಟಿದ್ದರು. ಬೆಳೆ ಸಮೀಕ್ಷೆಯಲ್ಲಿ ಅವರ ಸರ್ವೆ ನಂಬರಿಗೆ ಮುಸುಕಿನ ಜೋಳ ಎಂದು ದಾಖಲಾಗಿತ್ತು. ಎರಡೂ ತಾಳೆಯಾಗದೆ ಅರ್ಜಿ ತಿರಸ್ಕಾರ. ಸಮೀಕ್ಷೆ ಮಾಡಿದ ಹುಡುಗ ಪಕ್ಕದ ಹೊಲದ ಬದುವಿನಲ್ಲಿ ನಿಂತು ಫೋಟೋ ಹೊಡೆದಿದ್ದನೋ ಏನೋ. ಆಕ್ಷೇಪಣೆ ಸಲ್ಲಿಸಲು ಅವಧಿ ಇತ್ತು. ಆ ಪಟ್ಟಿ ಪ್ರಕಟವಾದದ್ದು ಅವರಿಗೂ ಗೊತ್ತಿಲ್ಲ, ಸಂಘದವರೂ ನೋಡಲಿಲ್ಲ. ಈ ತಪ್ಪಿನಲ್ಲಿ ಅರ್ಧ ಪಾಲು ನಮ್ಮದು ಎಂದು ಈ ಸಂಚಿಕೆಯಲ್ಲೇ ಒಪ್ಪಿಕೊಳ್ಳುವುದು ನ್ಯಾಯ.

ಬೆಳೆ ಮಾತ್ರ ಮುಳುಗುವುದಿಲ್ಲ. 2019ರಲ್ಲಿ ಮಣ್ಣಿನ ಗೋಡೆಯ ಮನೆಗಳು ಕೂತುಬಿಟ್ಟವು. ಹೊಳೆ ದಡದ ಟೀ ಅಂಗಡಿಯವರು, ಗೊಬ್ಬರದ ಅಂಗಡಿಯವರು, ಹಿಟ್ಟಿನ ಗಿರಣಿಯವರು ಕಳೆದುಕೊಂಡದ್ದಕ್ಕೆ ಪಹಣಿ ಇಲ್ಲ, ಸಮೀಕ್ಷೆ ಇಲ್ಲ. ಆ ವರ್ಷ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಐದು ಲಕ್ಷದವರೆಗೆ ಕೊಟ್ಟಿತು, ಅದು ದೊಡ್ಡ ಮಾತು. ಆದರೆ ಪರಿಹಾರ ಬೇರೆ, ವಿಮೆ ಬೇರೆ. ಪರಿಹಾರ ಸರ್ಕಾರದ ದಯೆ, ಒಂದು ವರ್ಷ ಐದು ಲಕ್ಷ, ಇನ್ನೊಂದು ವರ್ಷ ಎಷ್ಟೋ. ವಿಮೆಯಾದರೆ ರಸೀದಿ ಹಿಡಿದು ಕೇಳಬಹುದು. 2021ರ ಏಪ್ರಿಲ್ ಒಂದರಿಂದ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಷರತ್ತಿನ ಪಾಲಿಸಿ ಕೊಡಬೇಕೆಂದು ನಿಯಮ ಬಂದಿದೆ. ಮನೆಗೆ ಭಾರತ್ ಗೃಹ ರಕ್ಷಾ, ಸಣ್ಣ ಅಂಗಡಿ, ಗಿರಣಿ, ಕೋಳಿ ಫಾರಂನಂಥವಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಬೆಂಕಿಯ ಜೊತೆಗೆ ಬಿರುಗಾಳಿ, ನೆರೆ, ಭೂಕುಸಿತವೂ ಅದರೊಳಗೇ ಸೇರಿದೆ. ನಮ್ಮ ಊರಿನಲ್ಲಿ ಇದನ್ನು ಮಾಡಿಸಿದವರನ್ನು ನಾವು ಇನ್ನೂ ಕಂಡಿಲ್ಲ. ಬ್ಯಾಂಕಿನ ಸಾಲದ ಜೊತೆ ಮಾಡಿಸಿ, ಮಾಡಿಸಿದ್ದೇ ಗೊತ್ತಿಲ್ಲದವರು ಇರಬಹುದು. ಅಂಥವರು ದಯವಿಟ್ಟು ಪಾಲಿಸಿ ಕಾಗದ ಕೇಳಿ ಪಡೆಯಿರಿ.

ಹೊರಗಡೆ ಇನ್ನೂ ಮುಂದೆ ಹೋಗಿದ್ದಾರೆ. ಮಂಗೋಲಿಯಾ ದೇಶದಲ್ಲಿ 2006ರಿಂದ ಕುರಿ, ಕುದುರೆ ಸಾಕುವವರಿಗೆ ಒಂದು ವಿಮೆ ಇದೆ. ಚಳಿಗಾಲದಲ್ಲಿ ಇಡೀ ತಾಲ್ಲೂಕಿನಲ್ಲಿ ಎಷ್ಟು ಜಾನುವಾರು ಸತ್ತವು ಎಂಬುದರ ಮೇಲೆ ಪರಿಹಾರ. ಅಹಮದಾಬಾದಿನ ಸೇವಾ ಸಂಸ್ಥೆಯ ಹೆಂಗಸರಿಗೆ ಬಿಸಿಲಿನ ವಿಮೆ ಬಂದಿದೆ. ಉಪ್ಪಿನ ಗದ್ದೆಯಲ್ಲಿ ದುಡಿಯುವವರು, ತಳ್ಳುಗಾಡಿಯವರು ಇದ್ದಾರೆ. ಉಷ್ಣಾಂಶ ಗೊತ್ತುಪಡಿಸಿದ ಡಿಗ್ರಿ ದಾಟಿ ಇಷ್ಟು ದಿನ ನಿಂತರೆ ಕೂಲಿ ತಪ್ಪಿದ್ದಕ್ಕೆ ದುಡ್ಡು ಖಾತೆಗೆ. 2024ರ ಬೇಸಿಗೆಯಲ್ಲಿ ಅದು ಕೊಟ್ಟಿತು ಸಹ. ಅವರದೂ ಸಂಘ, ನಮ್ಮದೂ ಸಂಘ. ಅವರು ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಯಾವ ಕಂಪನಿಯೂ ಬಾಗಿಲು ತೆಗೆಯುತ್ತಿರಲಿಲ್ಲ.

ನಮ್ಮ ಸಂಘ ಏನು ಮಾಡಬಹುದು ಎಂದು ಆಡಳಿತ ಮಂಡಳಿಯಲ್ಲಿ ಒಂದು ಸಲಹೆ ಇಟ್ಟಿದ್ದೇವೆ. ವಿಮೆಗೆ ಒಂದು ಪ್ರತ್ಯೇಕ ಪುಸ್ತಕ. ಯಾರು ಕಟ್ಟಿದರು, ಯಾವ ಸರ್ವೆ ನಂಬರಿಗೆ, ಯಾವ ಬೆಳೆಗೆ, ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಎಂದು ಪಕ್ಕಪಕ್ಕ ಬರೆಯುವುದು. ಕೊನೆ ದಿನಾಂಕಕ್ಕೆ ಹದಿನೈದು ದಿನ ಮುಂಚೆ ಡೇರಿ ಮುಂದೆ, ಸಂಘದ ಮುಂದೆ ಬೋರ್ಡಿನಲ್ಲಿ ಬರೆಯುವುದು. ಬೆಳೆ ಕಟಾವು ಯಾರ ಹೊಲದಲ್ಲಿ, ಯಾವ ದಿನ ಎಂದು ಕೇಳಿ ತಿಳಿದು ಟಾಂ ಟಾಂ ಹೊಡೆಸುವುದು. ಇದಕ್ಕೆ ಒಬ್ಬ ಹುಡುಗನನ್ನು ಹಂಗಾಮಿಗೆ ಎರಡು ತಿಂಗಳು ಇಟ್ಟುಕೊಳ್ಳಬೇಕಾಗುತ್ತದೆ, ಸಂಬಳ ಕೊಡಬೇಕಾಗುತ್ತದೆ. ಸಂಘಕ್ಕೆ ಲಾಭವಿಲ್ಲದ ಕೆಲಸಕ್ಕೆ ಖರ್ಚು ಯಾಕೆ ಎಂದು ಕೆಲವು ನಿರ್ದೇಶಕರು ಕೇಳಿದರು, ಅದೂ ತೆಗೆದುಹಾಕುವ ಮಾತಲ್ಲ. ವಿಷಯವನ್ನು ವಾರ್ಷಿಕ ಮಹಾಸಭೆಗೆ ಬಿಟ್ಟಿದೆ. ಸದಸ್ಯರು ಅಂದು ಬರುವಾಗ ತಮ್ಮ ಪಹಣಿಯ ಒಂದು ಪ್ರತಿ, ಹೋದ ವರ್ಷದ ವಿಮಾ ರಸೀದಿ ಇದ್ದರೆ ಅದನ್ನೂ ತರಬೇಕಾಗಿ ವಿನಂತಿ.